ಪ್ರೊಬಯಾಟಿಕ್ ಕ್ಯಾಪ್ಸೂಲ್‌ನಲ್ಲಿ ಹೆಪ್ಪು ಹಾಕುವುದು ಹೇಗೆ?

ಪ್ರೊಬಯಾಟಿಕ್ ಎಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಜೀವಾಣುಗಳು. ಅವುಗಳ ಕ್ಯಾಪ್ಸೂಲ್ ಒಡೆದು ಹಾಲಿಗೆ ಹಾಕಿದರೂ ಬೆಳಿಗ್ಗೆ ಹಾಲು ಹಾಲಾಗಿಯೇ ಉಳಿದಿದ್ದರೆ ಹಾಲನ್ನು ಬೈಯಬೇಡಿ. ತಪ್ಪು ಹೆಚ್ಚಾಗಿ ಎರಡೇ ಕಡೆ ಆಗಿರುತ್ತದೆ: ಮೆಡಿಕಲ್‌ನಿಂದ ತಂದ ಕ್ಯಾಪ್ಸೂಲ್‌ನಲ್ಲಿ, ಇಲ್ಲವೇ ರಾತ್ರಿಯಿಡೀ ಪಾತ್ರೆ ಇಟ್ಟ ಜಾಗದಲ್ಲಿ.

ಅರ್ಧ ಲೀಟರ್ ಹಾಲಿಗೆ 1 ಅಥವಾ 2 ಕ್ಯಾಪ್ಸೂಲ್, ಗಟ್ಟಿ ಮೊಸರು ಬೇಕಿದ್ದರೆ 2 ದೊಡ್ಡ ಚಮಚ ಹಾಲಿನ ಪುಡಿ. ಇಷ್ಟೇ ಸಾಮಗ್ರಿ.

ಸ್ಟ್ರಿಪ್‌ನ ಹಿಂಬದಿ ಓದಿ

‘ಪ್ರೊಬಯಾಟಿಕ್ ಕೊಡಿ’ ಎಂದಷ್ಟೇ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ನಿಮಗೆ ಬೇಕಾದದ್ದು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್ ಎಂಬ ಜೀವಾಣುಗಳು. ಥರ್ಮೋಫಿಲಸ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಬರೇ ಬೈಫಿಡೋಬ್ಯಾಕ್ಟೀರಿಯಂ ಇರುವುದು ಹಾಲಿನಲ್ಲಿ ತೀರಾ ನಿಧಾನ. ಸ್ಯಾಕರೋಮೈಸಿಸ್ ಬೌಲಾರ್ಡಿ ಎಂದರೆ ಯೀಸ್ಟ್. ಅದಕ್ಕೆ ಹಾಲಿನ ಸಕ್ಕರೆ ದಕ್ಕುವುದಿಲ್ಲ, ಮೊಸರೂ ಆಗುವುದಿಲ್ಲ. ಭೇದಿಗೆ ಕೊಡುವ ಪುಟ್ಟ ಪ್ಲಾಸ್ಟಿಕ್ ಬಾಟಲಿಯ ಬ್ಯಾಸಿಲಸ್ ಕ್ಲೌಸಿಯೂ ಈ ಕೆಲಸಕ್ಕೆ ಬೇಡ. ‘ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜಿನಸ್’ ಎಂಬ ಹೆಸರು ನೋಡಿಯೂ ಮೋಸ ಹೋಗಬೇಡಿ, ಅದು ಲ್ಯಾಕ್ಟೋಬ್ಯಾಸಿಲಸ್ ಅಲ್ಲ, ಬ್ಯಾಸಿಲಸ್ ಕೋಯಾಗುಲನ್ಸ್‌ನ ಹಳೆಯ ಹೆಸರು.

ಆ್ಯಂಟಿಬಯಾಟಿಕ್ ಜತೆಗೇ ಲ್ಯಾಕ್ಟೋಬ್ಯಾಸಿಲಸ್ ಸೇರಿಸಿದ ಮಾತ್ರೆಗಳೂ ಮೆಡಿಕಲ್‌ನಲ್ಲಿವೆ. ಮನೆಯಲ್ಲಿ ಉಳಿದ ಅಂಥದ್ದನ್ನು ಹಾಲಿಗೆ ಹಾಕಲೇಬಾರದು.

ಒಂದು ಕ್ಯಾಪ್ಸೂಲ್‌ನಲ್ಲಿ 500 ಕೋಟಿ ಅಥವಾ ಹೆಚ್ಚು ಜೀವಾಣು ಎಂದು ಬರೆದಿದ್ದರೆ ಅರ್ಧ ಲೀಟರಿಗೆ ಒಂದು ಸಾಕು, ಕಡಿಮೆಯಿದ್ದರೆ ಎರಡು ಹಾಕಿ. 2–8 ಡಿಗ್ರಿಯಲ್ಲಿ ಇಡಬೇಕು ಎಂದಿದ್ದರೆ ಅಂಗಡಿಯ ಫ್ರಿಜ್‌ನೊಳಗಿನದ್ದೇ ಕೇಳಿ ಪಡೆಯಿರಿ. ಏಪ್ರಿಲ್‌–ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಶೆಲ್ಫ್ ಮೇಲೆ ಕೂತ ಸ್ಟ್ರಿಪ್‌ನಲ್ಲಿ ಬರೆದಷ್ಟು ಜೀವಾಣು ಉಳಿದಿರುವುದು ಅನುಮಾನ.

ಹಾಲು

ನಂದಿನಿಯ ಟೋನ್ಡ್ ಹಾಲು ಸಾಕು. ಪ್ಯಾಕೆಟ್ ಹಾಲು ಹೇಗೂ ಪಾಶ್ಚರೀಕರಣ ಆಗಿಯೇ ಬರುತ್ತದೆಂದು ಬೆಚ್ಚಗೆ ಮಾಡಿ ಬಿಟ್ಟರೆ ಮೊಸರು ನೀರುನೀರಾಗುತ್ತದೆ. ಹಾಲಿನ ಪುಡಿ ಕದಡಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಕೈಯಾಡಿಸುತ್ತಾ ಕಾಯಿಸಿ.

ಬಿಸಿ ತಪ್ಪಿದರೆ ಎಲ್ಲವೂ ತಪ್ಪಿತು

ಹಾಲು 40–42 ಡಿಗ್ರಿಗೆ ಇಳಿಯಬೇಕು. 50 ದಾಟಿದ ಹಾಲಿಗೆ ಕ್ಯಾಪ್ಸೂಲ್‌ನ ಪುಡಿ ಹಾಕಿದರೆ ಜೀವಾಣುಗಳು ಸಾಯತೊಡಗುತ್ತವೆ. ಬೆರಳು ಅದ್ದಿ ನೋಡುವ ಅಭ್ಯಾಸ ಇಲ್ಲಿ ಬೇಡ, ಬೆರಳಿನ ಕೊಳೆಯೂ ಹಾಲಿಗೆ ಇಳಿಯುತ್ತದೆ. ಅಡುಗೆಯ ಥರ್ಮಾಮೀಟರ್ ಒಂದು ಕೊಳ್ಳಿ. ಜ್ವರ ನೋಡುವುದು ಇದಕ್ಕಾಗದು, ಅದರ ಅಳತೆ 42–43ಕ್ಕೇ ಮುಗಿಯುತ್ತದೆ.

ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಎರಡು ಚಮಚ ಉಗುರುಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಪಾತ್ರೆಗೆ ಸುರಿದು ತಿರುಗಿಸಿ. ನೇರ ಉದುರಿಸಿದರೆ ಪುಡಿ ಕೆನೆಯ ಮೇಲೆ ಗಂಟುಗಂಟಾಗಿ ಕೂರುತ್ತದೆ. ಹಸಿಮೆಣಸಿನ ತೊಟ್ಟು ಜತೆಗೆ ಹಾಕಬೇಡಿ. ತೊಟ್ಟಿಗೆ ಅದರದೇ ಜೀವಾಣುಗಳಿರುತ್ತವೆ, ಹಾಗೆ ಮಾಡುವುದಿದ್ದರೆ ಕ್ಯಾಪ್ಸೂಲ್‌ಗೆ ದುಡ್ಡು ಸುರಿಯುವುದೇಕೆ?

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಮೊಸರಿನ ಹೆಪ್ಪಿನಲ್ಲಿ ಜೀವಾಣುಗಳು ಎಚ್ಚರವಾಗಿಯೇ ಇರುತ್ತವೆ. ಕ್ಯಾಪ್ಸೂಲ್‌ನವು ಒಣಗಿ ಮಲಗಿದವು. ಎದ್ದು ಕೆಲಸ ಹಿಡಿಯಲು ಗಂಟೆಗಟ್ಟಲೆ ಬೇಕು. ಹಾಗಾಗಿ 5–6 ಗಂಟೆಯಲ್ಲಿ ಆಗುವ ಮೊಸರಿಗೆ ಇಲ್ಲಿ 8ರಿಂದ 12 ಗಂಟೆ. ಅಷ್ಟು ಹೊತ್ತೂ ಹಾಲು 40ರ ಆಸುಪಾಸಿನಲ್ಲಿ ಇರಬೇಕು. ಆಟಿಯ ಮಳೆ ರಾತ್ರಿ ಪಾತ್ರೆಯನ್ನು ಕಟ್ಟೆಯ ಮೇಲೆ ಬಿಟ್ಟರೆ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ, ಬೇರೆ ಜೀವಾಣುಗಳಿಗೆ ಜಾಗ ಸಿಗುತ್ತದೆ.

ಕುಚ್ಚಲಕ್ಕಿ ಬೇಯಿಸುವ ಥರ್ಮಲ್ ಕುಕ್ಕರ್ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಒಳಪಾತ್ರೆಗೆ 45 ಡಿಗ್ರಿಯ ನೀರು ಹಾಕಿ, ಅದರೊಳಗೆ ಮುಚ್ಚಳವಿರುವ ಸ್ಟೀಲ್ ಡಬ್ಬದಲ್ಲಿ ಹಾಲಿಡಿ. ನೀರು ಹಾಲಿನ ಮಟ್ಟಕ್ಕೆ ಬರಲಿ, ಡಬ್ಬದ ಬಾಯಿಗೆ ತಾಗದಿರಲಿ. ಹೊರಡಬ್ಬ ಮುಚ್ಚಿ. ಐದು ಗಂಟೆ ಕಳೆದು ನೀರಿನ ಬಿಸಿ ನೋಡಿ, 38ಕ್ಕಿಂತ ಇಳಿದಿದ್ದರೆ ಎರಡು ಸೌಟು ತೆಗೆದು ಅಷ್ಟೇ ಬಿಸಿನೀರು ಸೇರಿಸಿ. ಹಾಲಿನ ಡಬ್ಬ ಅಲುಗಾಡಿಸಬೇಡಿ. ಥರ್ಮಲ್ ಕುಕ್ಕರ್ ಇಲ್ಲದವರು ದೊಡ್ಡ ಹಾಟ್‌ಬಾಕ್ಸ್‌ನಲ್ಲಿ ಇದನ್ನೇ ಮಾಡಬಹುದು, ಬಿಸಿನೀರು ಮಾತ್ರ ಹೆಚ್ಚು ಸಲ ಬದಲಿಸಬೇಕು. ಮಣ್ಣಿನ ಕುಡಿಕೆ ಮೊದಲ ಸಲಕ್ಕೆ ಬೇಡ, ಅದರ ರಂಧ್ರಗಳಲ್ಲಿ ಹಳೆಯ ಮೊಸರಿನ ಅಂಶ ಉಳಿದಿರುತ್ತದೆ.

ಎಂಟು ಗಂಟೆ ಕಳೆದ ಮೇಲೆ ಡಬ್ಬ ಮೆಲ್ಲ ವಾಲಿಸಿ. ಗಂಜಿ ತಿಳಿಯ ಹಾಗೆ ಹರಿದರೆ ಮತ್ತೆ ಮುಚ್ಚಿಡಿ. 14 ಗಂಟೆಯಾದರೂ ಕಟ್ಟದಿದ್ದರೆ, ಮೊಸರಿನ ತುಂಬ ಗಾಳಿಗುಳ್ಳೆ ಇದ್ದರೆ, ಗುಲಾಬಿ ಬಣ್ಣ ಅಥವಾ ಹಳಸಿದ ವಾಸನೆ ಬಂದರೆ ಚೆಲ್ಲಿಬಿಡಿ. ಹಾಳು ಮಾಡುವುದೇಕೆಂದು ಕಡೆದು ಮಜ್ಜಿಗೆ ಮಾಡಬೇಡಿ. ಕಟ್ಟಿದ ಕೂಡಲೇ ಫ್ರಿಜ್‌ಗೆ.

ಮೊದಲ ಸಲದ್ದು ತುಸು ತೆಳ್ಳಗೆ, ಲೋಳೆಲೋಳೆ ಎನಿಸಬಹುದು. ಯಾರೂ ಚಮಚ ಹಾಕುವ ಮೊದಲೇ ಹೆಪ್ಪಿಗೆ ಒಂದಿಷ್ಟು ತೆಗೆದಿಡಿ. ಎರಡನೇ ಸಲ ಅರ್ಧ ಲೀಟರಿಗೆ ಅದರ ಒಂದು ಚಮಚ ಸಾಕು, ಬೇಗ ಆಗುತ್ತದೆ, ಗಟ್ಟಿಯೂ ಆಗುತ್ತದೆ. ನಾಲ್ಕೈದು ಸಲದ ಮೇಲೆ ಅಡುಗೆಮನೆಯ ಜೀವಾಣುಗಳೂ ಸೇರಿಕೊಳ್ಳುವುದರಿಂದ ಹೊಸ ಕ್ಯಾಪ್ಸೂಲ್ ಒಡೆಯಿರಿ.

ಈ ಮೊಸರನ್ನು ಮಜ್ಜಿಗೆಹುಳಿಗೆ ಹಾಕಿ ಕುದಿಸುವುದು ದಂಡ, ಜೀವಾಣುಗಳೆಲ್ಲ ಸಾಯುತ್ತವೆ. ತಂಬುಳಿಗೆ, ಸಾಸಿವೆಗೆ ಬಳಸಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅವರಿಗೆ ಬಡಿಸುವ ಮೊದಲು ವೈದ್ಯರನ್ನು ಕೇಳಿ.