ಗಾಳ ಹಾಕುವವನ ವಹಿ

ಪುಣೆಯಿಂದ ಪಶ್ಚಿಮಕ್ಕೆ, ಸಹ್ಯಾದ್ರಿಯ ಮಗ್ಗುಲಲ್ಲಿರುವ ಒಂದು ಜಲಾಶಯದಲ್ಲಿ ನಾನು ಹನ್ನೊಂದು ವರ್ಷಗಳಿಂದ ಗಾಳ ಹಾಕುತ್ತಿದ್ದೇನೆ. ನನ್ನ ಊರು ಮದ್ದೂರಿನ ಕಡೆಯದು. ಶಿಂಷೆಯ ದಂಡೆಯ ಮೇಲೆ ಕುಳಿತು, ಗಟ್ಟಿಯಾಗಿ ಬೇಯಿಸಿದ ರಾಗಿಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ ಕೊಕ್ಕೆಗೆ ಕಟ್ಟುವುದನ್ನು ಸೋದರಮಾವನಿಂದ ಕಲಿತವನು. ಉದ್ಯೋಗ ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು. ಅಳೆದದ್ದನ್ನು ಬರೆದಿಡದಿದ್ದರೆ ಅಳೆಯದಂತೆಯೇ ಸರಿ ಎಂಬ ಅಲ್ಲಿಯ ಅಭ್ಯಾಸವೇ ನನ್ನನ್ನು ನೀರಿನ ದಂಡೆಗೂ ಹಿಂಬಾಲಿಸಿತು.

ಜಲಾಶಯದ ನೀರು ಪಾಟಬಂಧಾರೆ ಇಲಾಖೆಯದು, ಎಂದರೆ ನೀರಾವರಿಯವರದು, ಮೀನಿನ ಹಕ್ಕು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರಿ ಸಂಘದ್ದು. ಗಾಳ ಹಾಕುವವನು ಸಂಘಕ್ಕೆ ದಿನದ ಶುಲ್ಕ ಕಟ್ಟಿ ಚೀಟಿ ಪಡೆಯಬೇಕು. ಆ ಚೀಟಿಗಳನ್ನು ಅಂಟಿಸಲೆಂದು ಕೊಂಡ ಉದ್ದನೆಯ ವಹಿಯಲ್ಲಿಯೇ ನಾನು ಲೆಕ್ಕ ಬರೆಯತೊಡಗಿದೆ: ಎಷ್ಟು ಗಂಟೆ ಕುಳಿತೆ, ಯಾವ ಕೊಲ್ಲಿಯಲ್ಲಿ, ನೀರಿನ ಮಟ್ಟ ಎಲ್ಲಿತ್ತು, ಎರೆ ಯಾವುದು, ಯಾವ ಜಾತಿಯ ಮೀನು, ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ ಎಷ್ಟು, ಇಟ್ಟುಕೊಂಡೆನೋ ಬಿಟ್ಟೆನೋ. ಇಷ್ಟೇ. ನನ್ನೊಂದಿಗೆ ಬರುತ್ತಿದ್ದ ವಿಜಯಪುರದ ಸಹೋದ್ಯೋಗಿ, ಒಂದೂ ಮೀನು ಕಚ್ಚದ ದಿನವೂ ನಾನು ಬರೆಯುತ್ತಿರುವುದನ್ನು ಕಂಡು, "ಏನೂ ಸಿಗಲಿಲ್ಲಲ್ಲ ಸರ, ಏನ್ ಬರಕೋತೀರಿ?" ಎಂದು ನಕ್ಕಿದ್ದ. ಬರಿಗೈಯ ದಿನಗಳನ್ನು ಬಿಟ್ಟರೆ ವಹಿಯಲ್ಲಿ ಜಲಾಶಯ ಯಾವಾಗಲೂ ತುಂಬಿ ತುಳುಕುತ್ತಿರುವಂತೆ ಕಾಣುತ್ತದೆ. ಗಾಳಗಾರರ ಬಾಯಿಲೆಕ್ಕದ ದೋಷವೇ ಅದು; ದೊಡ್ಡ ಮೀನು ನೆನಪಿನಲ್ಲಿ ಉಳಿಯುತ್ತದೆ, ಅದಕ್ಕಾಗಿ ಕಾದ ಗಂಟೆಗಳು ಉಳಿಯುವುದಿಲ್ಲ.

ನಾಲ್ಕನೆಯ ವರ್ಷದ ಕೊನೆಗೆ ರೋಹುವಿನ ಉದ್ದಗಳನ್ನು ಒಂದು ಗೆರೆಹಾಳೆಯ ಮೇಲೆ ಚುಕ್ಕೆಗಳಾಗಿ ಇಟ್ಟು ನೋಡಿದಾಗ ನಡುವೆ ಒಂದು ತೆರವು ಕಂಡಿತು. ಎರಡು ಅಡಿಗಿಂತ ಉದ್ದದ ಹಳೆಯ ಮೀನುಗಳಿದ್ದವು, ಆದರೆ ಅವುಗಳ ಹಿಂದೆ ಬರಬೇಕಾಗಿದ್ದ ಒಂದು, ಒಂದೂವರೆ ಅಡಿಯವು ಹೆಚ್ಚುಕಡಿಮೆ ಇರಲೇ ಇಲ್ಲ. ಆ ಜಾಗದಲ್ಲಿ ತಿಲಾಪಿಯಾಗಳ ಚುಕ್ಕೆಗಳು ಮುತ್ತಿಕೊಂಡಿದ್ದವು. ಬಲೆಗಾರರಿಗೆ ಇದು ಅಷ್ಟು ಬೇಗ ತಿಳಿಯುವುದಿಲ್ಲ, ಏಕೆಂದರೆ ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ಸಿಗದಿರುವುದು ಸಹಜವೇ. ಸಂಘ ಪ್ರತಿವರ್ಷ ಮರಿ ಬಿಡುತ್ತಿತ್ತು, ರಸೀದಿಗಳೂ ಇದ್ದವು. ಹಾಗಾದರೆ ಬಿಟ್ಟ ಮರಿಗಳು ಎಲ್ಲಿ ಹೋದವು?

ಮುಂದಿನ ಜುಲೈನಲ್ಲಿ ನಾನೇ ಹೋಗಿ ನೋಡಿದೆ. ಮರಾಠಿಯಲ್ಲಿ ಆಗಷ್ಟೇ ಮೊಟ್ಟೆಯೊಡೆದ ಮರಿಗೆ ‘ಜಿರೆ’ ಎನ್ನುತ್ತಾರೆ, ನಮ್ಮ ಜೀರಿಗೆಯೇ. ಬೆರಳುದ್ದಕ್ಕೆ ಬೆಳೆದದ್ದು ‘ಬೋಟುಕಲಿ’. ಸಂಘ ಕೊಳ್ಳುತ್ತಿದ್ದುದು ಇವೆರಡರ ನಡುವಿನದು, ಉಗುರಿನುದ್ದದ ಮರಿ, ಏಕೆಂದರೆ ಅದು ಅಗ್ಗ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ನಡುಹಗಲಲ್ಲಿ ಟೆಂಪೋದಿಂದ ಇಳಿಸಿ, ಅಣೆಕಟ್ಟಿನ ಬಳಿಯ ಒಂದೇ ಜಾಗದಲ್ಲಿ ಬಾಯಿ ಬಿಚ್ಚಿ ಸುರಿದರು. ನಿಮಿಷದೊಳಗೆ ನೀರಿನ ಮೇಲ್ಮೈ ಕುದಿಯುವಂತೆ ಅಲ್ಲಲ್ಲಿ ಚಿಮ್ಮತೊಡಗಿತು. ಮೀನು ಬಿಟ್ಟದ್ದಾಯಿತೆಂದು ಎಲ್ಲರೂ ಚಹಾಕ್ಕೆ ನಡೆದರು. ನಾನು ನೋಡುತ್ತಿದ್ದುದು ಮಾತ್ರ ಬೇರೆ ಮೀನುಗಳ ಊಟವನ್ನು.

ಇದರಲ್ಲಿ ಹೊಸ ಜ್ಞಾನವೇನೂ ಇಲ್ಲ. 5000 ಹೆಕ್ಟೇರಿಗಿಂತ ವಿಸ್ತಾರವಾದವನ್ನು ನಮ್ಮಲ್ಲಿ ದೊಡ್ಡ ಜಲಾಶಯ ಎನ್ನುತ್ತಾರೆ. ನಮ್ಮದು ಅದಕ್ಕಿಂತ ಚಿಕ್ಕದು, ಆದರೂ ಬೇಟೆಯಾಡುವ ಮೀನುಗಳಿರುವ ಯಾವ ಜಲಾಶಯಕ್ಕೇ ಆಗಲಿ 100 ಮಿಲಿಮೀಟರಿಗಿಂತ ದೊಡ್ಡ ಮರಿಯನ್ನೇ ಬಿಡಬೇಕೆಂದು ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ ಬಹುಕಾಲದಿಂದ ಹೇಳುತ್ತಲೇ ಬಂದಿದೆ. ರೋಹು, ಕಾಟ್ಲಾ, ಮೃಗಾಲ್‌ಗಳು ಗಂಗಾ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಮೊಟ್ಟೆಯಿಡದ ಅವು ನೆರೆಯ ನೀರು ಹರಿದುಬರುವ ಕಡೆಗೆ ಏರಿ ಹೋಗಬೇಕು, ಮತ್ತು ಎಲ್ಲ ಜಲಾಶಯಗಳಲ್ಲೂ ಅದಕ್ಕೆ ತಕ್ಕ ಹೊಳೆ ಇರುವುದಿಲ್ಲ. ಆದ್ದರಿಂದ ಇಲ್ಲಿ ಮರಿ ಬಿಡುವುದು ಅನಿವಾರ್ಯ. ತಿಲಾಪಿಯಾಕ್ಕೆ ಆ ಕಷ್ಟವಿಲ್ಲ, ಅದು ಬಾಯಲ್ಲೇ ಮರಿ ಕಾಯ್ದುಕೊಂಡು ತನ್ನ ಸಂಸಾರ ತಾನೇ ನಡೆಸುತ್ತದೆ.

ವಹಿಯನ್ನು ಸಂಘದ ಹಿರಿಯರ ಮುಂದಿಟ್ಟಾಗ ಅವರು ಮೊದಲು ಕೇಳಿದ್ದು, ಹವ್ಯಾಸಿಗಳಾದ ನೀವು ಹಿಡಿದ ಮೀನುಗಳಿಂದ ನಮ್ಮ ಜಲಾಶಯದ ಲೆಕ್ಕ ಹೇಗೆ ಹೇಳುತ್ತೀರಿ ಎಂದು. ನ್ಯಾಯವಾದ ಪ್ರಶ್ನೆಯೇ. ಆಮೇಲೆ ಅವರೇ, ಮೂರು ವರ್ಷಗಳಿಂದ ಬಲೆಯಲ್ಲಿ ನಡುಗಾತ್ರದ ಮಾಲು ಕಡಿಮೆಯಾಗಿದೆ ಎಂದು ಒಪ್ಪಿದರು. ಒಂದು ಕೊಲ್ಲಿಯಲ್ಲಿ ಬಲೆಯ ಆವರಣ ಕಟ್ಟಿ, ಮರಿಗಳನ್ನು ಬೆರಳುದ್ದಕ್ಕೆ ಸಾಕಿ ಬಿಡೋಣ ಎಂದು ತೀರ್ಮಾನವಾಯಿತು.

ಮೊದಲ ವರ್ಷದ ಸೋಲು ಪೂರ್ತಿಯಾಗಿ ನನ್ನದೇ. ಬಿದಿರಿನ ಗೂಟಗಳನ್ನು ನೆಟ್ಟು ಬಲೆ ಕಟ್ಟಿಸುವಾಗ ಜುಲೈ ಮಧ್ಯದ ನೀರಿನ ಮಟ್ಟಕ್ಕೆ ಎರಡು ಅಡಿ ಸೇರಿಸಿದರೆ ಸಾಕೆಂದು ಹೇಳಿದವನು ನಾನು. ಹಿಂದಿನ ವರ್ಷಗಳ ಆಗಸ್ಟ್ ಮಟ್ಟಗಳು ನನ್ನ ವಹಿಯಲ್ಲಿಯೇ ಇದ್ದರೂ ತಿರುವಿ ನೋಡಲಿಲ್ಲ. ಘಟ್ಟದ ಮೇಲೆ ಎರಡು ದಿನ ಸುರಿದ ಮಳೆಗೆ ನೀರು ಏರಿ, ಬೆಳಿಗ್ಗೆ ಹೋಗಿ ನೋಡುವಾಗ ಗೂಟಗಳ ತುದಿಗಳೂ ಕಾಣುತ್ತಿರಲಿಲ್ಲ. ದೋಣಿ ನಡೆಸುವ ಕಾಕಾ ಒಂದು ಮಾತನ್ನೂ ಆಡಲಿಲ್ಲ, ಬೀಡಿ ಹಚ್ಚಿಕೊಂಡು ನೀರನ್ನೇ ನೋಡುತ್ತ ಕುಳಿತರು. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ಎರಡನೆಯ ವರ್ಷ ಗೂಟದ ಗೊಡವೆಯೇ ಬೇಡವೆಂದು, ಪ್ಲಾಸ್ಟಿಕ್ ಪೀಪಾಯಿಗಳ ಚೌಕಟ್ಟಿಗೆ ಸಣ್ಣ ಕಣ್ಣಿನ ಹಾಪಾ ಬಲೆಗಳನ್ನು ತೂಗುಬಿಟ್ಟು, ನೀರಿನೊಂದಿಗೆ ಏರಿ ಇಳಿಯುವಂತೆ ಮಾಡಿದೆವು. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲಿನಲ್ಲಿ ಕಲಸಿ ಬೆಳಿಗ್ಗೆ ಸಂಜೆ ಹಾಕಿದೆವು. ಬಲೆಯ ಕಣ್ಣುಗಳಿಗೆ ಪಾಚಿ ಕಟ್ಟಿದರೆ ಒಳಗಿನ ನೀರು ಕೆಡುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಬ್ರಷ್‌ನಿಂದ ಉಜ್ಜಬೇಕು. ಇಡೀ ಕೆಲಸದಲ್ಲಿ ಬೇಸರ ತರಿಸುವುದೂ, ತಪ್ಪಿದರೆ ಎಲ್ಲವನ್ನೂ ಕೆಡಿಸುವುದೂ ಇದೊಂದೇ. ಅಕ್ಟೋಬರಿನಲ್ಲಿ, ಸಂಜೆ ತಂಪಾದ ಮೇಲೆ, ಐದು ಬೇರೆ ಬೇರೆ ಕೊಲ್ಲಿಗಳಲ್ಲಿ ಮರಿಗಳನ್ನು ಬಿಟ್ಟೆವು.

ಈ ನಡುವೆ ಗಾಳಗಾರ ಗೆಳೆಯರಲ್ಲಿ ಕೆಲವರು, ರೋಹು ಏಕೆ, ಆಟ ಕೊಡುವ ಮಹಶೀರನ್ನೇ ಬಿಡೋಣ ಎಂದು ಒತ್ತಾಯಿಸಿದ್ದರು. ದಖನಿನ ಮಹಶೀರ್ ಇಲ್ಲಿಯದೇ ಮೀನು. 1839ರಲ್ಲಿ ಕರ್ನಲ್ ಸೈಕ್ಸ್ ಅದನ್ನು ವರ್ಣಿಸಿದ್ದು ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ. ಲೋಣಾವಳದ ವಲವಣ ಕೆರೆಯ ಬಳಿಯ ಟಾಟಾ ಮರಿ ಉತ್ಪಾದನಾ ಕೇಂದ್ರ ಅದರ ಮರಿಗಳನ್ನು ದಶಕಗಳಿಂದ ಬೆಳೆಸಿದೆ. ಆದರೆ ಕಾವೇರಿ ಸೀಮೆಯಿಂದ ಬಂದ ನನಗೆ ಅದರ ಇನ್ನೊಂದು ಮುಖವೂ ಗೊತ್ತು. ಅದೇ ಕೇಂದ್ರದ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ಬಿಟ್ಟರು. ಅವು ಅಲ್ಲಿ ಬೇರೂರಿದವು, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮಾತ್ರ ಕ್ಷೀಣಿಸುತ್ತ ಹೋಯಿತು. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ನನ್ನ ಮಾವ ಹೇಳುತ್ತಿದ್ದ ದೊಡ್ಡ ಮೀನು ಅದೇ ಇರಬೇಕು. ಇಲ್ಲಿ ಮಹಶೀರ್ ಬಿಡುವುದು ತಪ್ಪಲ್ಲ, ಆದರೆ ಅದು ಮೊಟ್ಟೆಯಿಡುವ ಕಲ್ಲುಹರಳಿನ ಹೊಳೆ ನಮ್ಮ ಜಲಾಶಯದ ಮೇಲ್ಭಾಗದಲ್ಲಿ ಉಳಿದಿದೆಯೇ ಎಂದು ಮೊದಲು ನೋಡೋಣ ಎಂದು ನಾನು ಪಟ್ಟು ಹಿಡಿದೆ. ಮಾತು ಅಲ್ಲಿಗೇ ನಿಂತಿದೆ.

ಬಿಟ್ಟ ಮರಿ ಬದುಕಿತೋ ಇಲ್ಲವೋ ಎಂದು ತಿಳಿಯುವ ಉಪಾಯವನ್ನು ಉತ್ತರ ಅಮೆರಿಕದ ಮಹಾಸರೋವರಗಳಿಂದ ಎರವಲು ಪಡೆದೆ. ಅಲ್ಲಿ ಮರಿಕೇಂದ್ರದ ಸಾಲ್ಮನ್, ಟ್ರೌಟ್‌ಗಳ ಬೆನ್ನಿನ ಹಿಂಭಾಗದ ಸಣ್ಣ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿ ಬಿಡುತ್ತಾರೆ. ಮುಂದೆ ಗಾಳಕ್ಕೆ ಸಿಕ್ಕಾಗ ಸಾಕಿದ್ದು ಯಾವುದು, ಸರೋವರದಲ್ಲೇ ಹುಟ್ಟಿದ್ದು ಯಾವುದು ಎಂದು ತಿಳಿಯುತ್ತದೆ. ರೋಹುವಿಗೆ ಆ ರೆಕ್ಕೆಯೇ ಇಲ್ಲ. ಆದ್ದರಿಂದ ಒದ್ದೆ ಬಟ್ಟೆಯ ಮೇಲೆ ಮರಿಯನ್ನು ಮಲಗಿಸಿ, ಉಗುರು ಕತ್ತರಿಯಿಂದ ಬಲಗಡೆಯ ಹೊಟ್ಟೆರೆಕ್ಕೆಯನ್ನು ಬುಡಕ್ಕೆ ಕತ್ತರಿಸಿದೆವು, ಬುಡ ಉಳಿದರೆ ಅದು ಮತ್ತೆ ಬೆಳೆಯುತ್ತದೆ. ಮೂವರು ಕುಳಿತು ಎರಡು ಸಂಜೆಗಳಲ್ಲಿ ಆರುನೂರು ಮರಿಗಳಿಗೆ ಗುರುತು ಹಾಕಿದೆವು.

ಮರುವರ್ಷ ಇಡೀ ಹಂಗಾಮು ನಾನು ಹಿಡಿದ ಪ್ರತಿ ರೋಹುವನ್ನೂ ಹೊಟ್ಟೆ ಮೇಲೆ ಮಾಡಿ ನೋಡಿದೆ, ಕೊಕ್ಕೆಯ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರುತ್ತಿದ್ದುದರಿಂದ ಬಿಡುವುದೂ ಸುಲಭವಾಗಿತ್ತು. ಎಲ್ಲಕ್ಕೂ ಎರಡೂ ರೆಕ್ಕೆಗಳಿದ್ದವು. ನವೆಂಬರಿನ ಒಂದು ಭಾನುವಾರ, ದಂಡೆ ಸೇರುವ ಮೊದಲೇ, ಕಾಕಾ ನನ್ನನ್ನು ಸಂಘದ ಶೆಡ್ಡಿನ ಬಳಿ ನಿಲ್ಲಿಸಿದರು. ಗುರುವಾರ ತಮ್ಮ ಬಲೆಗೆ ಒಂದು ಬಂದಿತ್ತು, ಬಲಗಡೆ ರೆಕ್ಕೆ ಇರಲಿಲ್ಲ, ಮೀನನ್ನು ಮಾರಿಬಿಟ್ಟೆ ಎಂದರು. ಆಮೇಲೆ ಅಂಗಿಯ ಜೇಬಿನಿಂದ ಬಲೆ ಹೆಣೆಯುವ ನೈಲಾನ್ ದಾರದ ತುಂಡೊಂದನ್ನು ತೆಗೆದರು. ಅದಕ್ಕೆ ಎರಡು ಗಂಟುಗಳಿದ್ದವು, ಒಂದು ಮೂತಿಗೆ, ಒಂದು ಬಾಲದ ಕವಲಿಗೆ. ವಹಿಯ ಮೇಲೆ ಅದನ್ನು ನೆಟ್ಟಗೆ ಹಿಡಿದು ಅಳೆದೆ, 38 ಸೆಂಟಿಮೀಟರ್ ಬಂತು.