ಮಿನಿವ್ಯಾನ್ ಹಿಂದೆ ಪಾಪ್‌ಅಪ್ ಟ್ರೇಲರ್: ಮಿಷಿಗನ್ ಕ್ಯಾಂಪಿಂಗ್‌ನಲ್ಲಿ ನನ್ನ ಅನುಭವ

ಪಾಪ್‌ಅಪ್ ಟ್ರೇಲರ್ ತಗೊಳ್ಳೋಣ ಅಂತಿದ್ದೀವಿ, ಹೇಗೆ ಅಂತ ಕೇಳುವ ಗೆಳೆಯರಿಗೆ ನಾನು ಮೊದಲು ಹೇಳುವುದು ಇಷ್ಟೇ: ಇದನ್ನು ಟೆಂಟ್ ಅಂದುಕೊಂಡು ತಗೊಳ್ಳಿ. ಗಾಡಿ ಹಿಂದೆ ಮಡಚಿ ಎಳೆದೊಯ್ದು, ಹೋದ ಕಡೆ ಬಿಚ್ಚಿ ಮಲಗುವ ಟ್ರೇಲರ್ ಇದು. ಚಕ್ರ ಇದೆ, ಹಾಸಿಗೆ ಇದೆ, ಹೀಟರ್ ಇದೆ, ಪುಟ್ಟ ಸಿಂಕ್ ಕೂಡ ಇದೆ. ಆದರೆ ಗೋಡೆ ಬಟ್ಟೆಯದು. ಚಳಿ ಗೊತ್ತಾಗುತ್ತದೆ, ಮಳೆಯ ಸದ್ದು ಕೇಳುತ್ತದೆ, ಪಕ್ಕದ ಕ್ಯಾಂಪ್ ಸೈಟಿನವರು ಏನು ಮಾತಾಡುತ್ತಿದ್ದಾರೆ ಅನ್ನುವುದೂ ಕೇಳುತ್ತದೆ. ಇದೆಲ್ಲ ಇರುವುದೇ ಅಂತ ಒಪ್ಪಿಕೊಂಡು ಹೊರಟರೆ ತುಂಬಾ ಸುಖ. ಪುಟ್ಟ ಮನೆಯನ್ನೇ ಎಳೆದುಕೊಂಡು ಹೋಗುತ್ತೀವಿ ಅಂದುಕೊಂಡರೆ ಮೊದಲ ಮಳೆಗೇ ಬೇಜಾರಾಗುತ್ತದೆ.

ನಾವಿರುವುದು ಡೆಟ್ರಾಯಿಟ್ ಹತ್ತಿರ. ಬೇಸಿಗೆಗೆ ಶಿವಮೊಗ್ಗದಿಂದ ಅಮ್ಮ ಬರುತ್ತಾರೆ. ಅವರಿಗೆ ಕಾಡು, ನೀರು ಅಂದರೆ ಪ್ರಾಣ. ಆದರೆ ಮಂಡಿ ನೋವು. ನೆಲದ ಮೇಲೆ ಮಲಗಿ ಬೆಳಿಗ್ಗೆ ಏಳುವುದು ಆಗದ ಮಾತು. ಹೋಟೆಲ್ ಮಾಡಿದರೆ ಕೆರೆ ದಂಡೆಯ ಸಂಜೆ ತಪ್ಪಿಹೋಗುತ್ತದೆ. ದೊಡ್ಡ ಆರ್‌ವಿ (ಮನೆಯಂತೆ ಸಜ್ಜಾದ ಗಾಡಿ) ಎಳೆಯಲು ಬೇಕಾದ ಟ್ರಕ್ ನಮ್ಮಲ್ಲಿಲ್ಲ, ಇರುವುದು ಮಿನಿವ್ಯಾನ್. ಇಷ್ಟೆಲ್ಲ ಕೂಡಿಸಿ ಕಳೆದರೆ ಉಳಿಯುವುದು ಪಾಪ್‌ಅಪ್ ಒಂದೇ. ಮಡಚಿದಾಗ ಎದೆಮಟ್ಟದ ಪೆಟ್ಟಿಗೆ, ಬಿಚ್ಚಿದಾಗ ಎರಡೂ ಕಡೆ ಅಗಲವಾದ ಹಾಸಿಗೆ, ನಡುವೆ ನಿಂತುಕೊಳ್ಳುವಷ್ಟು ಎತ್ತರ.

ಕೊಳ್ಳುವ ಮೊದಲು ತೂಕದ ಲೆಕ್ಕ ಹಾಕಲೇಬೇಕು. ಇದರಲ್ಲಿ ರಾಜಿ ಇಲ್ಲ. ಮಿನಿವ್ಯಾನ್‌ಗಳು ಸಾಮಾನ್ಯವಾಗಿ 3,500 ಪೌಂಡ್ ತನಕ ಎಳೆಯುತ್ತವೆ, ಅದೂ ಕಂಪನಿ ಹೇಳಿದ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ), ಗೇರ್ ಬಾಕ್ಸ್ ಬಿಸಿಯಾಗದಂತೆ ತಡೆಯುವ ಕೂಲರ್ ಎಲ್ಲ ಇದ್ದರೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಎಷ್ಟು ಅಂತ ಬರೆದಿದೆಯೋ ಅದೇ ವೇದ. ಮಾರುವವರು ಹೇಳುವುದು ಖಾಲಿ ಟ್ರೇಲರಿನ ತೂಕ. ಅದು 1,700 ಪೌಂಡ್ ಅಂತಿಟ್ಟುಕೊಳ್ಳಿ. ಬ್ಯಾಟರಿ, ಪ್ರೊಪೇನ್ ಗ್ಯಾಸ್ ಸಿಲಿಂಡರ್, ಪಾತ್ರೆ, ಕುರ್ಚಿ, ಹೊದಿಕೆ ಸೇರಿದರೆ ಸಲೀಸಾಗಿ 2,200 ಆಗುತ್ತದೆ. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್. 20 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಇನ್ನೂ 166 ಪೌಂಡ್. ಹಾಗಾಗಿ ನಾವು ಟ್ಯಾಂಕ್ ಖಾಲಿ ಇಟ್ಟುಕೊಂಡೇ ಹೊರಡುತ್ತೇವೆ. ನೀರು ಕ್ಯಾಂಪ್‌ಗ್ರೌಂಡ್‌ನಲ್ಲಿ ಸಿಕ್ಕೇ ಸಿಗುತ್ತದೆ.

ಇನ್ನೊಂದು ತೂಕ ಬಹಳ ಜನರ ಲೆಕ್ಕಕ್ಕೇ ಬರುವುದಿಲ್ಲ. ಟ್ರೇಲರಿನ ಮೂತಿ ಹಿಚ್ ಮೇಲೆ ಕೂತು ಒತ್ತುತ್ತದಲ್ವಾ, ಆ ಭಾರ. ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು. ಅದಕ್ಕಿಂತ ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಅದು ಅಪಾಯ. 2,200 ಪೌಂಡ್ ಟ್ರೇಲರ್ ಅಂದರೆ ಮೂತಿಯ ಭಾರ 220ರಿಂದ 330. ಇದು ವ್ಯಾನ್ ಹೊರುವ ಭಾರಕ್ಕೆ ಸೇರುತ್ತದೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲೆ ಜನ, ಸಾಮಾನು ಸೇರಿ ಎಷ್ಟು ಪೌಂಡ್ ಹೊರಬಹುದು ಅಂತ ಇರುತ್ತದೆ. ಐದು ಜನ ಕೂತು, ಹಿಂದೆ ಐಸ್ ಪೆಟ್ಟಿಗೆ (ಇದನ್ನೂ ಕೂಲರ್ ಅಂತಾರೆ) ತುಂಬಿಸಿ, ಮೇಲೆ ಈ ಭಾರವನ್ನೂ ಕೂಡಿಸಿ ನೋಡಿ. ನಮ್ಮ ಆಯ್ಕೆ ಹತ್ತು ಅಡಿ ಪೆಟ್ಟಿಗೆಯ ಟ್ರೇಲರ್‌ಗೆ ಬಂದು ನಿಂತದ್ದು ಈ ಸ್ಟಿಕರ್‌ನಿಂದ.

ಹಳೆಯದನ್ನೇ ಕೊಳ್ಳುವುದಾದರೆ ಮಾರುವವರ ಎದುರು ಪೂರ್ತಿ ಬಿಚ್ಚಿಸಿ, ಪೂರ್ತಿ ಮಡಚಿಸಿ ನೋಡಿ. ಅರ್ಧ ಬಿಚ್ಚಿ ತೋರಿಸಿದರೆ ಒಪ್ಪಬೇಡಿ. ಒಳಗೆ ಕಾಲಿಟ್ಟ ತಕ್ಷಣ ಮೂಗು ಏನು ಹೇಳುತ್ತದೆ ನೋಡಿ. ಬೂಸಲು ವಾಸನೆ ಬಂದರೆ ಅಲ್ಲಿಗೇ ಬಿಡಿ. ನೆಲದ ಮೇಲೆ ಮೂಲೆ ಮೂಲೆಗೂ ಹಿಮ್ಮಡಿ ಒತ್ತಿ ನಡೆಯಿರಿ, ಮೆತ್ತಗೆ ಕುಸಿದರೆ ಪ್ಲೈವುಡ್ ಕೊಳೆತಿದೆ ಅಂತ. ಛಾವಣಿಯ ಒಳಮೂಲೆಗಳಲ್ಲಿ ಕಂದು ಕಲೆ ಇದೆಯಾ ನೋಡಿ. ಗೋಡೆಯ ಕ್ಯಾನ್ವಾಸ್ ಬಟ್ಟೆ ಪೂರ್ತಿ ಬದಲಾಯಿಸುವುದು ದುಬಾರಿ ಬಾಬತ್ತು, ಎಷ್ಟೋ ಸಲ ಹಳೇ ಟ್ರೇಲರಿನ ಬೆಲೆಗೇ ಹತ್ತಿರ ಹೋಗುತ್ತದೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗೆರೆ ಸವೆಯದೆ ಹೊಸದರಂತೆ ಕಂಡರೂ ಐದಾರು ವರ್ಷ ದಾಟಿದ ಟ್ರೇಲರ್ ಟೈರ್ ನಂಬಿಕೊಂಡು ನಾನು ವ್ಯಾನ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವುದಿಲ್ಲ. ಮಿಷಿಗನ್ನಿನವರಿಗೆ ಒಂದು ಅನುಕೂಲ ಇದೆ. ಪಕ್ಕದ ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತಲೇ ಈ ದೇಶದ ಬಹುಪಾಲು ಆರ್‌ವಿಗಳು ತಯಾರಾಗುವುದು. ಹಳೇ ಟ್ರೇಲರ್, ಬಿಡಿಭಾಗ ಎರಡಕ್ಕೂ ದೂರ ಹೋಗಬೇಕಿಲ್ಲ.

ಎಳೆಯುವುದಕ್ಕೆ ಹೆದರಬೇಕಿಲ್ಲ. ಮಡಚಿದ ಪಾಪ್‌ಅಪ್ ತಗ್ಗಾಗಿರುವುದರಿಂದ ಅದರ ಮೇಲಿಂದ ಹಿಂದಿನ ರಸ್ತೆ ಕನ್ನಡಿಯಲ್ಲಿ ಕಾಣುತ್ತದೆ. ಗಾಳಿಗೂ ಅಷ್ಟಾಗಿ ಸಿಕ್ಕುವುದಿಲ್ಲ. ಉತ್ತರಕ್ಕೆ ಹೋಗುವಾಗ ಮ್ಯಾಕಿನಾ ಸೇತುವೆ ದಾಟಬೇಕು. 1957ರಲ್ಲಿ ತೆರೆದದ್ದು, ಸುಮಾರು ಐದು ಮೈಲಿ ಉದ್ದ, ಕೆಳಗೆ ಎರಡು ಮಹಾಸರೋವರ ಸೇರುವ ನೀರು. ಗಾಳಿ ಜೋರಿದ್ದ ದಿನ ಎತ್ತರದ ಗಾಡಿಗಳನ್ನು ನಿಧಾನ ಮಾಡಿಸುತ್ತಾರೆ. ಆಗೆಲ್ಲ ನಮ್ಮ ತಗ್ಗು ಪೆಟ್ಟಿಗೆ ನೋಡಿ ಸಮಾಧಾನವಾಗುತ್ತದೆ. ಹೊರಡುವ ಮೊದಲು ಸೇಫ್ಟಿ ಚೈನ್‌ಗಳನ್ನು ಕಪ್ಲರ್ (ಹಿಚ್ ಮೇಲೆ ಕೂರುವ ಟ್ರೇಲರಿನ ಮೂತಿ) ಕೆಳಗೆ ಅಡ್ಡಡ್ಡ ಹಾಕಿ, ದೀಪಗಳನ್ನು ಒಬ್ಬರು ಹಿಂದೆ ನಿಂತು ನೋಡಿ, ಪ್ರೊಪೇನ್ ಬಂದ್ ಮಾಡಿ. ರಿವರ್ಸ್‌ಗೆ ಒಂದೇ ಉಪಾಯ: ಸ್ಟೀರಿಂಗ್‌ನ ಕೆಳಭಾಗ ಹಿಡಿಯಿರಿ. ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್ ಆ ಕಡೆ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಶಾಲೆಯ ಖಾಲಿ ಪಾರ್ಕಿಂಗ್‌ನಲ್ಲಿ ಅಭ್ಯಾಸ ಮಾಡಿ. ಸೈಟಿನಲ್ಲಿ ಕೊನೆಯ ಒಂದೆರಡು ಅಡಿ ಸರಿಬರಲಿಲ್ಲ ಅಂದರೆ, ನೆಲ ಸಮ ಇದ್ದರೆ, ಹಿಚ್ ಬಿಚ್ಚಿ ಇಬ್ಬರು ಸೇರಿ ಕೈಯಲ್ಲೇ ತಳ್ಳಬಹುದು. ದೊಡ್ಡ ಟ್ರೇಲರಿನವರಿಗೆ ಈ ಭಾಗ್ಯ ಇಲ್ಲ.

ಈಗ ಬಿಚ್ಚುವ ಕ್ರಮ. ಇದು ಕ್ರಮ ತಪ್ಪದೆ ಆಗಬೇಕು. ಮೊದಲು ಟ್ರೇಲರಿನ ಎಡ ಬಲ ಮಟ್ಟ ಮಾಡಬೇಕು, ವ್ಯಾನ್‌ಗೆ ಸಿಕ್ಕಿಸಿರುವಾಗಲೇ. ತಗ್ಗಾದ ಕಡೆಯ ಚಕ್ರದ ಕೆಳಗೆ ಹಲಗೆ ಇಟ್ಟು ಅದರ ಮೇಲೆ ಹತ್ತಿಸುತ್ತೇವೆ. ಆಮೇಲೆ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ. ಅದಾದ ಮೇಲೇ ಹಿಚ್ ಬಿಚ್ಚುವುದು. ಮುಂದಿನ ಜ್ಯಾಕ್ ತಿರುಗಿಸಿ ಹಿಂದೆ ಮುಂದಿನ ಮಟ್ಟ ಸರಿ ಮಾಡುವುದು. ನಾಲ್ಕು ಮೂಲೆಯ ಸ್ಟೆಬಿಲೈಸರ್ ಕಾಲುಗಳನ್ನು ಇಳಿಸುವುದು. ಇವು ಅಲ್ಲಾಡದಂತೆ ಹಿಡಿಯುವುದಕ್ಕೆ ಮಾತ್ರ, ಟ್ರೇಲರನ್ನು ಎತ್ತುವುದಕ್ಕಲ್ಲ. ನೆಲಕ್ಕೆ ಗಟ್ಟಿಯಾಗಿ ತಾಗಿದರೆ ಸಾಕು. ಮಟ್ಟ ಇಲ್ಲದಿದ್ದರೆ ಬಾಗಿಲು ಕೂರುವುದಿಲ್ಲ, ಪ್ರೊಪೇನ್ ಫ್ರಿಜ್ ಸರಿಯಾಗಿ ತಣ್ಣಗಾಗುವುದಿಲ್ಲ.

ನಂತರ ಛಾವಣಿಯ ನಾಲ್ಕೂ ಕ್ಲಿಪ್ ತೆಗೆದು ಕ್ರ್ಯಾಂಕ್ ತಿರುಗಿಸುವುದು. ಮಗಳಿಗೆ ಈ ಕೆಲಸ ಅಂದರೆ ಇಷ್ಟ. ಟಕ ಟಕ ಅಂತ ಸದ್ದು ಮಾಡುತ್ತಾ ಛಾವಣಿ ನಿಧಾನಕ್ಕೆ ಏಳುತ್ತದೆ, ಒಳಗಿನ ಬಟ್ಟೆ ಮಡಿಕೆ ಬಿಚ್ಚಿಕೊಳ್ಳುತ್ತಾ ಮೇಲೆ ಬರುತ್ತದೆ. ಕೈಪಿಡಿಯಲ್ಲಿ ಹೇಳಿದ ಎತ್ತರಕ್ಕೆ ನಿಲ್ಲಿಸಬೇಕು. ಜಾಸ್ತಿ ತಿರುಗಿಸಿದರೆ ಒಳಗಿನ ಕೇಬಲ್ ಮೇಲೆ ಭಾರ ಬೀಳುತ್ತದೆ. ಆಮೇಲೆ ಹಾಸಿಗೆ ಇರುವ ಬಂಕ್‌ಗಳನ್ನು ಹೊರಗೆ ಎಳೆಯುವುದು. ಎಳೆದ ತಕ್ಷಣ ಅದು ಹಾಸಿಗೆಯಂತೆಯೇ ಕಾಣುತ್ತದೆ, ಮಕ್ಕಳು ಹಾರಲು ನೋಡುತ್ತಾರೆ. ಅಮ್ಮ ಕೂಡ ಒಮ್ಮೆ ಚೀಲ ಇಡಲು ಹೋದರು.

"ಅಮ್ಮ, ಈಗಲೇ ಹತ್ತಬೇಡ, ಕೆಳಗೆ ಕಂಬಿ ಕೊಟ್ಟಿಲ್ಲ."

"ಚೀಲ ಅಷ್ಟೇ ಕಣೋ."

"ಚೀಲವೂ ಬೇಡ, ಒಂದು ನಿಮಿಷ ತಡಿ."

ಬಂಕ್ ಕೆಳಗೆ ಓರೆಯಾಗಿ ಎರಡು ಕಬ್ಬಿಣದ ಕಂಬಿ ಕೂರಿಸಬೇಕು. ಅವು ತಮ್ಮ ಗುಂಡಿಯಲ್ಲಿ ಕೂತವಾ ಅಂತ ಬಗ್ಗಿ ಕೈಯಿಂದ ಅಲ್ಲಾಡಿಸಿ ನೋಡುವ ತನಕ ಮೇಲೆ ಏನೂ ಇಡುವಂತಿಲ್ಲ. ಇದು ನಮ್ಮ ಮನೆಯ ಕಾನೂನು. ಎಷ್ಟು ಭಾರ ತಡೆಯುತ್ತದೆ ಅಂತ ಅಲ್ಲೇ ಸ್ಟಿಕರ್ ಇರುತ್ತದೆ. ಕೊನೆಗೆ ಬಾಗಿಲು ಕೂರಿಸಿ, ಕ್ಯಾನ್ವಾಸ್ ಅಂಚನ್ನು ಸುತ್ತಲೂ ಅಂಟಿಸಿ, ಕರೆಂಟ್ ಹಾಕಿದರೆ ಆಯಿತು. ಮನೆ ಮುಂದೆ ಎರಡು ಮೂರು ಸಲ ಬಿಚ್ಚಿ ಮಡಚಿ ಅಭ್ಯಾಸ ಮಾಡಿಕೊಂಡರೆ ಕಾಡಿನಲ್ಲಿ ಕತ್ತಲಾದರೂ ಕೈ ನಡುಗುವುದಿಲ್ಲ.

ರಾತ್ರಿಯ ವಿಷಯ. ಮಿಷಿಗನ್‌ನಲ್ಲಿ ಜೂನ್‌ನಲ್ಲೂ ಬೆಳಗಿನ ಜಾವ ಚಳಿ ಹತ್ತುತ್ತದೆ. ಎಲ್ಲ ಕಿಟಕಿ ಮುಚ್ಚಿ ಮಲಗಬೇಕು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಐದು ಜನರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ, ಹೊದಿಕೆಯ ಅಂಚು ಒದ್ದೆಯಾಗುತ್ತದೆ. ಎದುರುಬದುರಿನ ಎರಡು ಕಿಟಕಿಯ ಜಿಪ್ ನಾಲ್ಕು ಬೆರಳಷ್ಟು ತೆರೆದಿಡಿ, ಹೀಟರ್ ಹಾಕಿದ್ದರೂ. ಹಾಸಿಗೆಯ ಕೆಳಗಿನ ಪ್ಲೈವುಡ್ ತಣ್ಣಗಿರುತ್ತದೆ, ಅದಕ್ಕೆ ಫೋಮ್ ಚಾಪೆ ಹಾಸುತ್ತೇವೆ. ಬಂಕ್‌ಗಳ ಛಾವಣಿಯ ಬಟ್ಟೆ ಮೇಲೆ ಹೊಳೆಯುವ ಮೈಲಾರ್ ಹಾಳೆ ಹರಡಿ ಕ್ಲಿಪ್ ಹಾಕಿದರೆ ಹಗಲು ಬಿಸಿಲು ಕಡಿಮೆ, ರಾತ್ರಿ ಚಳಿ ಕಡಿಮೆ. ಕಡಿಮೆ ದುಡ್ಡಿಗೆ ಇಷ್ಟು ಉಪಕಾರ ಮಾಡುವ ಬೇರೆ ವಸ್ತು ನಾನು ಕಂಡಿಲ್ಲ. ಇನ್ನು ಕಾರ್ಬನ್ ಮಾನಾಕ್ಸೈಡ್ ಅನ್ನುವ ವಾಸನೆಯಿಲ್ಲದ ವಿಷಗಾಳಿ ಪತ್ತೆಮಾಡುವ ಅಲಾರಂ. ಅದು ಕೆಲಸ ಮಾಡುತ್ತಿದೆಯಾ ಅಂತ ಬಟನ್ ಒತ್ತಿ ನೋಡದೆ ನಾವು ಮಲಗುವುದಿಲ್ಲ. ಒಲೆಯನ್ನು ಬೆಚ್ಚಗಾಗಲು ಉರಿಸುವುದಂತೂ ಯಾವತ್ತೂ ಕೂಡದು.

ಅಡುಗೆ ನಾವು ಪೂರ್ತಿ ಹೊರಗೇ ಮಾಡುತ್ತೇವೆ. ಒಳಗೆ ಒಗ್ಗರಣೆ ಹಾಕಿದರೆ ಇಂಗಿನ ವಾಸನೆ ಕ್ಯಾನ್ವಾಸ್‌ಗೆ ಹತ್ತಿ ಋತುವಿಡೀ ಉಳಿಯುತ್ತದೆ, ಜೊತೆಗೆ ಎಣ್ಣೆಯ ಜಿಡ್ಡು. ಪಿಕ್ನಿಕ್ ಟೇಬಲ್ ಮೇಲೆ ಎರಡು ಬರ್ನರಿನ ಒಲೆ ಸಾಕು. ಹುರಿದ ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ ಮನೆಯಿಂದಲೇ ಬರುತ್ತವೆ. ಮೊದಲ ರಾತ್ರಿ ಚಿತ್ರಾನ್ನ ಡಬ್ಬಿಯಲ್ಲಿ ಸಿದ್ಧ ಇರಬೇಕು, ಯಾಕಂದರೆ ಬಿಚ್ಚಿ ಕೂರಿಸುವಷ್ಟರಲ್ಲಿ ಮಕ್ಕಳು ಹಸಿದಿರುತ್ತಾರೆ. ಸ್ಟೇಟ್ ಪಾರ್ಕ್‌ಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 8ರ ತನಕ ಸದ್ದು ಮಾಡುವಂತಿಲ್ಲ. ಕುಕ್ಕರ್ ಕೂಗಿಸುವುದಿದ್ದರೆ ಆ ಹೊತ್ತು ನೋಡಿಕೊಳ್ಳಿ. ಊಟವಾದ ಮೇಲೆ ಒಂದು ಚೂರೂ ಹೊರಗೆ ಉಳಿಯಬಾರದು. ರಕೂನ್ ಅನ್ನುವ ಪುಟ್ಟ ಕಾಡುಪ್ರಾಣಿಗಳಿಗೆ ಕೂಲರಿನ ಮುಚ್ಚಳ ತೆಗೆಯುವುದು ಚೆನ್ನಾಗಿ ಗೊತ್ತು. ತಿನ್ನುವ ಸಾಮಾನೆಲ್ಲ ರಾತ್ರಿ ವ್ಯಾನ್ ಒಳಗೆ ಇಡುತ್ತೇವೆ. ಕರಡಿ ಇರುವ ಕಡೆ ನಿಯಮ ಇನ್ನೂ ಬಿಗಿ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಡ್ಜ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಟ್ಟಿ ಗೋಡೆಯ ಗಾಡಿಗೆ ಮಾತ್ರ ಪ್ರವೇಶ, ಪಾಪ್‌ಅಪ್‌ಗೆ ಇಲ್ಲ. ದೂರದ ಪ್ರವಾಸ ಯೋಜಿಸುವಾಗ ಇದನ್ನು ಮೊದಲೇ ನೋಡಿಕೊಳ್ಳಿ.

ಮಿಷಿಗನ್ ಸ್ಟೇಟ್ ಪಾರ್ಕ್‌ಗಳಲ್ಲಿ ಆರು ತಿಂಗಳು ಮೊದಲೇ ಸೈಟ್ ಕಾದಿರಿಸಬಹುದು. ಲಡಿಂಗ್ಟನ್‌ನಂಥ ಕಡೆ ಜುಲೈಗೆ ಬೇಕು ಅಂದರೆ ಜನವರಿಯಲ್ಲೇ ಕೂರಬೇಕು. ಹೊಸಬರು 'ಮಾಡರ್ನ್' ಅಂತ ಗುರುತಿಸಿದ ಕ್ಯಾಂಪ್‌ಗ್ರೌಂಡ್ ಆರಿಸಿಕೊಳ್ಳಿ. ಕರೆಂಟ್, ಫ್ಲಶ್ ಟಾಯ್ಲೆಟ್, ಬಿಸಿನೀರಿನ ಸ್ನಾನ ಇರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಸ್ನಾನದ ಕಟ್ಟಡದಿಂದ ಎರಡು ಮೂರು ಸೈಟ್ ದೂರದಲ್ಲಿರುವುದು ಸರಿಯಾದ ಜಾಗ. ತೀರಾ ಪಕ್ಕದಲ್ಲಾದರೆ ರಾತ್ರಿಯೆಲ್ಲ ದೀಪ, ಓಡಾಟ. ಸೌದೆ ಮಾತ್ರ ಮನೆಯಿಂದ ಒಯ್ಯಬೇಡಿ. ಆ್ಯಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಜೀರುಂಡೆ ಈ ದೇಶದಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ನಮ್ಮದೇ ಡೆಟ್ರಾಯಿಟ್ ಸುತ್ತ. ಸೌದೆಯೊಳಗೆ ಕೂತು ಅದು ಊರೂರು ದಾಟಿ ಕೋಟ್ಯಂತರ ಮರಗಳನ್ನು ತಿಂದಿದೆ. ಸೌದೆಯನ್ನು ಅಲ್ಲೇ ಕೊಂಡು ಅಲ್ಲೇ ಉರಿಸಿ. ಕಾಡಿನಲ್ಲಿ ಮಲಗಲು ಹೋಗುವವರು ಕಾಡಿಗೆ ಇಷ್ಟಾದರೂ ಮಾಡಬೇಕು.

ಅಮ್ಮನಿಗೆ ತುಂಬಾ ಹಿಡಿಸಿದ್ದು ಮ್ಯಾಕಿನಾ ಸೇತುವೆಯ ಆಚೆಗಿನ ಟಕ್ವಾಮೆನನ್ ಜಲಪಾತ. ಸೀಡರ್ ಮರಗಳ ಜೌಗಿನಿಂದ ಹರಿದು ಬರುವ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಸುಮಾರು 200 ಅಡಿ ಅಗಲಕ್ಕೆ, 50 ಅಡಿ ಮೇಲಿಂದ ಬೀಳುತ್ತದೆ. ಜೋಗ ನೋಡಿ ಬೆಳೆದವರು ಎತ್ತರದ ಮಾತೇ ಎತ್ತಲಿಲ್ಲ, ಬಣ್ಣವನ್ನೇ ನೋಡುತ್ತಾ ನಿಂತುಬಿಟ್ಟರು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಒದ್ದೆ ಕ್ಯಾನ್ವಾಸ್. ಮಳೆಯಲ್ಲೇ ಮಡಚಿ ಹೊರಡಬೇಕಾಗಿ ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಛಾವಣಿ ಇಳಿಸುವಾಗ ಒಳಗಿನ ಗಾಳಿ ಹೋಗಲು ಒಂದು ಕಿಟಕಿ ತೆರೆದಿಟ್ಟು, ಬಟ್ಟೆ ಸಿಕ್ಕಿಹಾಕಿಕೊಳ್ಳದಂತೆ ಒಬ್ಬರು ಒಳಗೆ ತಳ್ಳುತ್ತಾ ಬರಬೇಕು. ಹಾಸಿಗೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಅವು ಒಣಗಿರುತ್ತವೆ. ಮನೆಗೆ ಬಂದು ಎಷ್ಟೇ ಸುಸ್ತಾಗಿದ್ದರೂ, ಮರುದಿನ ಆಫೀಸ್ ಇದ್ದರೂ, ಒಂದು ದಿನದೊಳಗೆ ಮತ್ತೆ ಬಿಚ್ಚಿ ಒಣಗಿಸಲೇಬೇಕು. ಇಲ್ಲವಾದರೆ ಬೂಸಲು ಹಿಡಿಯುತ್ತದೆ, ಹಿಡಿದ ಮೇಲೆ ಬಿಡುವುದಿಲ್ಲ. ಹಾಸಿಗೆ ಎತ್ತಿ ನಿಲ್ಲಿಸಿ, ಫ್ಯಾನ್ ಹಾಕಿ, ಹೊಲಿಗೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಬಟ್ಟೆ ಒಣಗಿದಂತೆ ಕಂಡಾಗಲೂ ಹೊಲಿಗೆ ತೇವ ಇರುತ್ತದೆ. ನಿಮ್ಮ ಬಡಾವಣೆಯ ಅಸೋಸಿಯೇಷನ್ ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುತ್ತದಾ, ಬಿಟ್ಟರೆ ಎಷ್ಟು ದಿನ ಅಂತ ಕೊಳ್ಳುವ ಮೊದಲೇ ವಿಚಾರಿಸಿ. ಒಣಗಿಸಲು ಜಾಗವಿಲ್ಲದವರು ಬಾಡಿಗೆಗೆ ತಗೊಳ್ಳುವುದೇ ಮೇಲು. ಅಕ್ಟೋಬರ್ ಮುಗಿಯುವುದರೊಳಗೆ ಪೈಪಿನ ನೀರು ಪೂರ್ತಿ ಬಸಿದು ಆರ್‌ವಿಯ ಗುಲಾಬಿ ಆ್ಯಂಟಿಫ್ರೀಜ್ ಹಾಕಿ, ಬ್ಯಾಟರಿ ಬಿಚ್ಚಿ ಒಳಗೆ ತನ್ನಿ. ಕಾರಿನ ರೇಡಿಯೇಟರಿಗೆ ಹಾಕುವ ಆ್ಯಂಟಿಫ್ರೀಜ್ ವಿಷ, ಅದನ್ನು ಕುಡಿಯುವ ನೀರಿನ ಪೈಪಿಗೆ ಹಾಕಲೇಬಾರದು.