ಸಿಎಚ್50: ಕುರಿಯ ರಕ್ತಕಣ ಒಡೆಸಿ ಕಾಂಪ್ಲಿಮೆಂಟ್ ಅಳೆಯುವುದು

ಪ್ರತಿಕಾಯ ಅಂಟಿಸಿದ ಕುರಿಯ ಕೆಂಪು ರಕ್ತಕಣಗಳಲ್ಲಿ ಅರ್ಧದಷ್ಟನ್ನು ಒಡೆಯಲು ಎಷ್ಟು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇಕು? ಸಿಎಚ್50 ಅಳೆಯುವುದು ಇದನ್ನೇ. ಒಡೆಯುವುದು ಕಾಂಪ್ಲಿಮೆಂಟ್, ಅಂದರೆ ಸೀರಮ್‌ನಲ್ಲಿ ಒಂದರ ಹಿಂದೊಂದು ಕೆಲಸ ಮಾಡುವ ಸಿ1ರಿಂದ ಸಿ9ರವರೆಗಿನ ಪ್ರೋಟೀನುಗಳ ಸರಪಳಿ. ಸಿ1ರಿಂದ ಸಿ8ರವರೆಗೆ ಯಾವ ಕೊಂಡಿ ಕಳಚಿದರೂ ಕಣ ಒಡೆಯುವುದಿಲ್ಲ. ಸಿ9 ಒಂದೇ ಇಲ್ಲದಿದ್ದರೆ ನಿಧಾನವಾಗಿ ಒಡೆಯುತ್ತದೆ. ಪರೀಕ್ಷೆ ಕೆಡುವುದು ಮಾತ್ರ ಹೆಚ್ಚಾಗಿ ವಾಟರ್ ಬಾತ್‌ನಲ್ಲಲ್ಲ, ಅದಕ್ಕೂ ಮೊದಲೇ.

ಸೀರಮ್‌ನಿಂದಲೇ ಶುರು ಮಾಡೋಣ. ರಕ್ತವನ್ನು ಖಾಲಿ ಟ್ಯೂಬಿಗೆ ತೆಗೆದು 30ರಿಂದ 60 ನಿಮಿಷ ಹೆಪ್ಪುಗಟ್ಟಲು ಬಿಡಿ. ಪುಸ್ತಕದಲ್ಲಿ 'ಕೋಣೆಯ ಉಷ್ಣತೆ' ಎಂದಿದ್ದರೆ ಅದು 20-25 ಡಿಗ್ರಿ, ಏಪ್ರಿಲ್ ಮಧ್ಯಾಹ್ನದ ಹುಬ್ಬಳ್ಳಿಯ ಕೋಣೆಯಲ್ಲ. ಹೆಪ್ಪುಗಟ್ಟಿದ ಕೂಡಲೇ 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಸೀರಮ್ಮನ್ನು 100 ಮೈಕ್ರೋಲೀಟರ್‌ನಂತೆ ಹಂಚಿ, ಮೈನಸ್ 70 ಅಥವಾ ಅದಕ್ಕಿಂತ ತಣ್ಣಗೆ ಇಡಿ. ಮೈನಸ್ 20 ಸಾಲದು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಗದಗ ಅಥವಾ ಹಾವೇರಿಯಿಂದ ಮಾದರಿ ಬರುವುದಾದರೆ ಸೀರಮ್ ಅಲ್ಲೇ ಬೇರ್ಪಡಿಸಿ, ಡ್ರೈ ಐಸ್‌ನಲ್ಲಿ ಕಳಿಸಲಿ. ರಕ್ತದ ಟ್ಯೂಬನ್ನು ಬಸ್ಸಿನಲ್ಲಿ ಹಾಗೇ ಕಳಿಸಿದರೆ ಇಲ್ಲಿ ಬಂದು ಮುಟ್ಟುವುದು ಖರ್ಚಾದ ಕಾಂಪ್ಲಿಮೆಂಟ್. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ಪ್ಲಾಸ್ಮಾ ಇಲ್ಲಿ ಬೇಡ: ಕಾಂಪ್ಲಿಮೆಂಟ್‌ಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಇಡಿಟಿಎ ಕಟ್ಟಿಹಾಕುತ್ತದೆ.

ಬಫರ್: ಲೀಟರಿಗೆ ವೆರೋನಾಲ್ (ಬಾರ್ಬಿಟಲ್) 5 ಮಿಲಿಮೋಲ್, ಉಪ್ಪು 8.5 ಗ್ರಾಂ, ಜೆಲಟಿನ್ 1 ಗ್ರಾಂ, ಪಿಎಚ್ 7.3. ಇದಕ್ಕೆ 0.15 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, 0.5 ಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಎರಡೂ ಇರುವ ಸ್ಟಾಕ್ 1 ಮಿ.ಲೀ. ಜೆಲಟಿನ್ ಮೊದಲು ಬಿಸಿ ನೀರಿನಲ್ಲಿ ಕರಗಲಿ. ಫಾಸ್ಫೇಟ್ ಬಫರ್ ಬಳಸಿದರೆ ಕ್ಯಾಲ್ಸಿಯಂ ಆ ಫಾಸ್ಫೇಟ್‌ಗೆ ಅಂಟಿಕೊಂಡು ಹೋಗುತ್ತದೆ. ಕೊಳವೆಬಾವಿಯ ನೀರನ್ನಂತೂ ಹತ್ತಿರ ತರಬೇಡಿ, ಅದರ ಗಡಸುತನ ನಿಮ್ಮ ಲೆಕ್ಕವನ್ನೆಲ್ಲ ಬುಡಮೇಲು ಮಾಡುತ್ತದೆ. ಬಫರ್ ಆ ದಿನವೇ ಮಾಡಿ. ಜೆಲಟಿನ್ ಬ್ಯಾಕ್ಟೀರಿಯಾಕ್ಕೆ ಊಟ.

ಕುರಿ ನಮ್ಮ ಕಡೆ ಸಿಗದ ಪ್ರಾಣಿಯಲ್ಲ. ಆದರೂ ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದು, ಪಶುವೈದ್ಯರಿಂದ ಕುತ್ತಿಗೆಯ ರಕ್ತನಾಳದ ರಕ್ತ ತೆಗೆಸಿ, ಅಷ್ಟೇ ಪ್ರಮಾಣದ ಆಲ್ಸೀವರ್ ದ್ರಾವಣಕ್ಕೆ (ರಕ್ತ ಹೆಪ್ಪುಗಟ್ಟದಂತೆ ಕಾಪಾಡುವಂಥದ್ದು) ನೇರವಾಗಿ ಬೀಳಿಸಿ. ಸಾಧ್ಯವಾದಷ್ಟು ಒಂದೇ ಕುರಿಯದೇ ಇರಲಿ, ಕುರಿಯಿಂದ ಕುರಿಗೆ ಕಣ ಒಡೆಯುವ ಸುಲಭತೆ ಬೇರೆ. 4 ಡಿಗ್ರಿಯಲ್ಲಿ ಸುಮಾರು 3 ವಾರ ತಡೆಯುತ್ತದೆ. ಬಳಸುವ ದಿನ ಮೂರು ಸಲ ತೊಳೆದು, ಮೇಲಿನ ಬಿಳಿ ಪದರ ಹೀರಿ ತೆಗೆಯಿರಿ. ಮೂರನೇ ತೊಳೆತದ ನೀರೂ ಕೆಂಪಾಗಿದ್ದರೆ ಆ ರಕ್ತ ಚೆಲ್ಲಿ.

ಕಣಗಳನ್ನು ಮಿ.ಲೀ.ಗೆ 100 ಕೋಟಿಗೆ ಎಣಿಸಿ ಹೊಂದಿಸಿ. ಕುರಿಕಣದ ವಿರುದ್ಧದ ಮೊಲದ ಪ್ರತಿಕಾಯವನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಅದರ ಕಾಂಪ್ಲಿಮೆಂಟ್ ಕೊಂದು, ಟೈಟರ್ (ಎಷ್ಟು ತೆಳುವಾದರೂ ಕೆಲಸ ಮಾಡುತ್ತದೆ ಎಂಬ ಅಳತೆ) ನೋಡಿ ಕಣ ಗಂಟು ಕಟ್ಟದ ಪ್ರಮಾಣಕ್ಕೆ ತೆಳು ಮಾಡಿ. ಅಷ್ಟೇ ಪ್ರಮಾಣದ ಕಣಕ್ಕೆ ತಿರುಗಿಸುತ್ತಾ ಹನಿಹನಿಯಾಗಿ ಸೇರಿಸಿ. ಒಮ್ಮೆಲೇ ಸುರಿದರೆ ಮೊದಲು ಸಿಕ್ಕ ಕಣಗಳೇ ಎಲ್ಲ ಪ್ರತಿಕಾಯವನ್ನೂ ಹೀರುತ್ತವೆ. 37 ಡಿಗ್ರಿಯಲ್ಲಿ 15 ನಿಮಿಷ ಬಿಟ್ಟರೆ, ಮಿ.ಲೀ.ಗೆ 50 ಕೋಟಿ ಕಣಗಳಿರುವ ದ್ರಾವಣ ಸಿದ್ಧ.

ಸೀರಮ್ಮನ್ನು ಐಸ್ ಮೇಲಿಟ್ಟು 200 ಪಟ್ಟು ತೆಳು ಮಾಡಿ. ಟ್ಯೂಬುಗಳಿಗೆ 0.10, 0.15, 0.20, 0.25, 0.30, 0.35, 0.40 ಮಿ.ಲೀ. ಹಾಕಿ, ಬಫರ್‌ನಿಂದ 1.3 ಮಿ.ಲೀ.ಗೆ ತಂದು, 0.2 ಮಿ.ಲೀ. ಕಣ ಸೇರಿಸಿ. ಪ್ರತಿ ಟ್ಯೂಬಿಗೂ ಇಮ್ಮಡಿ ತೆಳು ಮಾಡುತ್ತ ಹೋಗುವ ಅಭ್ಯಾಸ ಇಲ್ಲಿ ಬೇಡ. ಶೇ. 10ರಿಂದ 90ರವರೆಗಿನ ಒಡೆತ ಎರಡೂವರೆ ಪಟ್ಟಿನೊಳಗೇ ಮುಗಿಯುತ್ತದೆ, ಒಂದೆರಡು ಬಿಂದುವಷ್ಟೇ ಸಿಗುತ್ತವೆ. ಜೊತೆಗೆ ಮೂರು ಕಂಟ್ರೋಲ್ ಬೇಕೇ ಬೇಕು, ಕಣಗಳ ಜೊತೆ: ಬಫರ್ ಮಾತ್ರ, ಡಿಸ್ಟಿಲ್ಡ್ ನೀರು ಮಾತ್ರ (ಪೂರ್ಣ ಒಡೆತ), 56 ಡಿಗ್ರಿಗೆ 30 ನಿಮಿಷ ಕಾಯಿಸಿದ ಸೀರಮ್. ಕೊನೆಯದರಲ್ಲಿ ಕೆಂಪು ಕಂಡರೆ ಅದು ಕಾಂಪ್ಲಿಮೆಂಟ್‌ನ ಕೆಲಸವಲ್ಲ.

37 ಡಿಗ್ರಿಯಲ್ಲಿ 60 ನಿಮಿಷ, ಹತ್ತು ನಿಮಿಷಕ್ಕೊಮ್ಮೆ ಅಲುಗಿಸಿ. ಕಣ ಕೆಳಗೆ ಕುಳಿತರೆ ಒಡೆತ ಕಡಿಮೆ ಕಾಣುತ್ತದೆ. ನಂತರ ಐಸ್‌ಗೆ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರಾವಣವನ್ನು 541 ನ್ಯಾನೋಮೀಟರ್‌ನಲ್ಲಿ ಓದಿ.

ಬಫರ್ ಓದಿಕೆ ಕಳೆದು, ಪೂರ್ಣ ಒಡೆತದಿಂದ ಭಾಗಿಸಿದರೆ ವೈ, ಅಂದರೆ ಒಡೆದ ಕಣಗಳ ಪಾಲು ಸಿಗುತ್ತದೆ. ವೈ/(1-ವೈ)ಯ ಲಾಗ್ ಅಡ್ಡಕ್ಕೆ, ಸೀರಮ್ ಪ್ರಮಾಣದ ಲಾಗ್ ಉದ್ದಕ್ಕೆ ಎಳೆಯಿರಿ. ಗೆರೆಯ ಓಟ (ಸ್ಲೋಪ್) 0.2ರ ಆಸುಪಾಸಿನಲ್ಲಿರಬೇಕು, ತೀರಾ ಬೇರೆ ಬಂದರೆ ಕಣ ಅಥವಾ ಬಫರ್ ಮೇಲೆ ಸಂಶಯಪಡಿ. ಅಡ್ಡ ಅಕ್ಷದ ಸೊನ್ನೆಗೆ ಎದುರಾದ ಪ್ರಮಾಣ 0.24 ಮಿ.ಲೀ. ಎಂದುಕೊಳ್ಳಿ: ಅದರಲ್ಲಿ ಅಸಲಿ ಸೀರಮ್ 1.2 ಮೈಕ್ರೋಲೀಟರ್, ಮಿ.ಲೀ.ಗೆ 833 ಘಟಕ (ಅರ್ಧ ಕಣ ಒಡೆಯುವ ಸೀರಮ್ ಒಂದು ಘಟಕ). ಆದರೆ ಇದು ಹಳೆಯ 7.5 ಮಿ.ಲೀ. ವಿಧಾನದ ಐದನೇ ಒಂದು ಭಾಗದ ಅಳತೆ, ಆದ್ದರಿಂದ ಐದರಿಂದ ಭಾಗಿಸಿ 167 ಎಂದು ಬರೆಯಬೇಕು. ಈ ಭಾಗಾಕಾರ ಮರೆತ ಅಂಕಿಗಳು ಎರಡು ಪ್ರಯೋಗಾಲಯಗಳ ನಡುವೆ ಸುಮ್ಮನೆ ಜಗಳ ಹಚ್ಚುತ್ತವೆ.

ಫಲಿತಾಂಶ ಸೊನ್ನೆ ಬಂದು, ಸಿ3, ಸಿ4 ಮಟ್ಟ ಮಾತ್ರ ಸರಿಯಿದ್ದರೆ ಹುಟ್ಟಿನ ಕೊರತೆ ಎಂದು ಬರೆಯುವ ಮುನ್ನ ಹೊಸ ರಕ್ತ ತೆಗೆಸಿ, ಈ ಸಲ ರಕ್ತ ತೆಗೆದ ಎಷ್ಟು ಹೊತ್ತಿಗೆ ಸೀರಮ್ ಐಸ್ ಮೇಲೆ ಬಂತು ಎಂಬುದನ್ನೂ ಬರೆದಿಡಿ.